ಕುವೈತ್ 1990: ಅಕ್ಕಪಕ್ಕದ ದೇಶಗಳು ಪಕ್ಷ ಆರಿಸಿಕೊಂಡ ಬಗೆ

ಪಕ್ಕದಲ್ಲಿ ಯುದ್ಧ ಶುರುವಾದಾಗ ಒಂದು ದೇಶ ಯಾರ ಕಡೆ ವಾಲುತ್ತದೆ ಎಂದು ತಿಳಿಯಬೇಕೇ? ನಾಯಕರ ಭಾಷಣ ಆಮೇಲೆ ಕೇಳಿ. ಆ ದೇಶಕ್ಕೆ ಸಾಲ ಕೊಟ್ಟವರು ಯಾರು, ತೈಲದ ಪೈಪ್‌ಲೈನ್ ಎಲ್ಲಿ ಹಾದುಹೋಗುತ್ತದೆ, ಅದರ ಜನ ಎಲ್ಲಿ ದುಡಿದು ಮನೆಗೆ ಹಣ ಕಳಿಸುತ್ತಾರೆ, ಅದನ್ನು ಮೊದಲು ನೋಡಿ. ವಿದೇಶಾಂಗ ನೀತಿ ಪಾಠ ಮಾಡುವಾಗ ಇದಕ್ಕೆ ನಾನು ಜಾಸ್ತಿ ಬಳಸುವ ಉದಾಹರಣೆ 1990ರ ಕುವೈತ್.

ಆಗಸ್ಟ್ 2ರಂದು ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಸೇನೆ ಕುವೈತಿಗೆ ನುಗ್ಗಿತು. ಸಿರಿಯಾ ಆಗ ಸೋವಿಯತ್ ಒಕ್ಕೂಟಕ್ಕೆ ಆಪ್ತ, ಅಮೆರಿಕದ ಭಯೋತ್ಪಾದನೆ ಪಟ್ಟಿಯಲ್ಲಿದ್ದ ದೇಶ. ಅದೇ ಸಿರಿಯಾ ಇರಾಕ್ ವಿರುದ್ಧ ಅಮೆರಿಕ ಕಟ್ಟಿದ ಕೂಟ ಸೇರಿ ಸೌದಿಗೆ ಸೈನಿಕರನ್ನು ಕಳಿಸಿತು. ಎಲ್ಲರೂ ಹುಬ್ಬೇರಿಸಿದರು. ಆದರೆ ಹಳೆಯ ಕಥೆ ಗೊತ್ತಿದ್ದವರಿಗೆ ಅಷ್ಟೇನೂ ಅಚ್ಚರಿ ಆಗಿರಲಿಕ್ಕಿಲ್ಲ. ಸಿರಿಯಾ ಅಧ್ಯಕ್ಷ ಹಫೀಜ್ ಅಲ್ ಅಸಾದ್ ಮತ್ತು ಸದ್ದಾಂ ಇಬ್ಬರೂ ಅರಬ್ ರಾಷ್ಟ್ರೀಯವಾದದ ಬಾತ್ ಪಕ್ಷದವರೇ, ನಡುವೆ ಇದ್ದದ್ದು ದಾಯಾದಿ ಮತ್ಸರ. 1982ರಲ್ಲೇ, ಇರಾನ್-ಇರಾಕ್ ಯುದ್ಧದ ನಡುವೆ, ಅಸಾದ್ ತಮ್ಮ ನೆಲದಲ್ಲಿ ಹಾದುಹೋಗುವ ಇರಾಕಿನ ಪೈಪ್‌ಲೈನ್ ಮುಚ್ಚಿಸಿದ್ದರು. ಈಗ ಮಾಸ್ಕೋ ಕೈ ಬಿಗಿಹಿಡಿದಿತ್ತು. ಹೊಸ ಆಸರೆ ಬೇಕಿತ್ತು, ನೆಪವನ್ನು ಸದ್ದಾಂ ಅವರೇ ಒದಗಿಸಿದರು.

ಪ್ರತಿಫಲವೂ ಬೇಗ ಸಿಕ್ಕಿತು. ಅಕ್ಟೋಬರ್ 13ರಂದು ಸಿರಿಯಾ ಸೇನೆ ಲೆಬನಾನಿನಲ್ಲಿ ತನ್ನನ್ನು ವಿರೋಧಿಸುತ್ತಿದ್ದ ಜನರಲ್ ಮಿಶೆಲ್ ಔನ್ ಅವರನ್ನು ಅಧ್ಯಕ್ಷರ ಅರಮನೆಯಿಂದ ಹೊರದಬ್ಬಿತು. ವಾಷಿಂಗ್ಟನ್ ಕಂಡೂ ಕಾಣದಂತೆ ಇತ್ತು. ಮುಂದಿನ ತಿಂಗಳೇ ಜಿನೀವಾದಲ್ಲಿ ಅಮೆರಿಕದ ಅಧ್ಯಕ್ಷ ಬುಷ್ ಮತ್ತು ಅಸಾದ್ ಭೇಟಿ!

ಈಜಿಪ್ಟ್ ಕೂಟ ಸೇರಿತು, ಅದರ ಸಾಲದ ದೊಡ್ಡ ಪಾಲು ಮನ್ನಾ ಆಯಿತು. ಟರ್ಕಿ ಇರಾಕಿನ ಪೈಪ್‌ಲೈನ್ ಮುಚ್ಚಿತು. ಜೋರ್ಡಾನ್ ಪಾಡು ಬೇರೆ. ತೈಲ ಬರುತ್ತಿದ್ದದ್ದು ಇರಾಕಿನಿಂದ, ಬೀದಿಯಲ್ಲಿ ಜನ ಸದ್ದಾಂ ಪರ. ಜೋರ್ಡಾನಿನ ದೊರೆ ಹುಸೇನ್ ಕೂಟ ಸೇರಲಿಲ್ಲ, ನೆರವು ಕಳೆದುಕೊಂಡರು. ಅಂದಹಾಗೆ, ಕುವೈತಿನಿಂದ ಹೊರಬಿದ್ದ ನಮ್ಮ ಕರಾವಳಿಯ ಎಷ್ಟೋ ಜನ ಭಾರತದ ವಿಮಾನ ಹತ್ತಿದ್ದು ಈ ಜೋರ್ಡಾನಿನ ಅಮ್ಮಾನ್‌ನಲ್ಲೇ.

ಲೆಕ್ಕ ತಪ್ಪಿದ್ದು ಯೆಮನ್‌ಗೆ. ಉತ್ತರ-ದಕ್ಷಿಣ ಒಂದಾಗಿ ಇನ್ನೂ ಕೆಲವೇ ತಿಂಗಳು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಆಗ ಇದ್ದ ಏಕೈಕ ಅರಬ್ ದೇಶ ಅದು. ಸದ್ದಾಂ ಕಡೆ ವಾಲಿದ್ದಕ್ಕೆ ಸೌದಿ ಸೆಪ್ಟೆಂಬರಿನಲ್ಲೇ ಯೆಮನಿಗಳಿಗೆ ಕೊಟ್ಟಿದ್ದ ವಿಶೇಷ ಸವಲತ್ತು ಕಿತ್ತುಕೊಂಡಿತು. ಅಲ್ಲಿಯವರೆಗೆ ಅವರು ಕಫೀಲ್ (ವಿದೇಶಿ ಕೆಲಸಗಾರರಿಗೆ ಹೊಣೆ ನಿಲ್ಲುವ ಸ್ಥಳೀಯ ಪ್ರಾಯೋಜಕ) ಇಲ್ಲದೆ ಅಲ್ಲಿ ದುಡಿಯಬಹುದಿತ್ತು. ಏಳೆಂಟು ಲಕ್ಷ ಜನ ಗಂಟುಮೂಟೆ ಕಟ್ಟಬೇಕಾಯಿತು. ಅಷ್ಟಾದರೂ ನವೆಂಬರ್ 29ರಂದು, ಬಲಪ್ರಯೋಗಕ್ಕೆ ದಾರಿ ಮಾಡಿದ 678ನೇ ನಿರ್ಣಯಕ್ಕೆ ಯೆಮನ್ ಬೇಡ ಎಂದಿತು. ಜೊತೆಗಿದ್ದದ್ದು ಕ್ಯೂಬಾ ಮಾತ್ರ. ಅಮೆರಿಕದ ನೆರವೂ ಹೋಯಿತು. ತತ್ವ ಅನ್ನಿ, ಹಟ ಅನ್ನಿ. ಹಣ ಬರುವ ದಾರಿ ಸೌದಿಯದ್ದಾಗಿರುವಾಗ ಇದು ತೀರಾ ದುಬಾರಿ ಮತ.

ನನ್ನ ಪ್ರಕಾರ ಎಲ್ಲರಿಗಿಂತ ಚೆನ್ನಾಗಿ ಆಡಿದ್ದು ಇರಾನ್. ಅದು ಯಾರ ಕಡೆಗೂ ಹೋಗಲಿಲ್ಲ. ಬೆನ್ನ ಹಿಂದೆ ಶತ್ರು ಬೇಡ ಎಂದು ಸದ್ದಾಂ ಆಗಸ್ಟ್‌ನಲ್ಲೇ ಇರಾನ್ ಜೊತೆಗಿನ 1975ರ ಗಡಿ ಒಪ್ಪಂದಕ್ಕೆ ಮತ್ತೆ ತಲೆಬಾಗಿದರು. ಎಂಟು ವರ್ಷ ಕಾದಾಡಿದ್ದೇ ಆ ಗಡಿಗಾಗಿ ಅಲ್ವಾ? 1991ರಲ್ಲಿ ಬಾಂಬು ಬೀಳತೊಡಗಿದಾಗ ನೂರಕ್ಕೂ ಹೆಚ್ಚು ಇರಾಕಿ ವಿಮಾನಗಳು ಇರಾನಿಗೆ ಹಾರಿಹೋದವು. ಯುದ್ಧ ಮುಗಿದ ಮೇಲೆ ಸದ್ದಾಂ ವಾಪಸ್ ಕೇಳಿದರು. ಇರಾನ್ ಕೊಡಲಿಲ್ಲ.