ಗಾಡಿ ತಿರುಗುವಾಗ ಕೂಗುವ ಭಾಗ ಯಾವುದು?

ನೇರ ರಸ್ತೆಯಲ್ಲಿ ಸುಮ್ಮನಿರುವ ಕಾರು ತಿರುವಿನಲ್ಲಿ ಮಾತ್ರ ಸದ್ದು ಮಾಡಿದರೆ ಅದು ಒಳ್ಳೆಯ ಸುಳಿವು. ಆದರೆ ಎಷ್ಟೋ ಜನ ಆ ಸುಳಿವನ್ನು ಗ್ಯಾರೇಜಿನವರೆಗೆ ಒಯ್ಯುವುದೇ ಇಲ್ಲ. "ಮುಂದೆ ಏನೋ ಟಕ್ ಟಕ್ ಅಂತದ, ನೋಡ್ರಿ" ಅಂತ ಹೇಳಿ ಕೀಲಿ ಕೊಟ್ಟು ಬರುತ್ತಾರೆ. ಲಿಂಕ್ ರಾಡ್ ಬದಲಾಗುತ್ತದೆ, ಶಾಕಪ್ ಬದಲಾಗುತ್ತದೆ, ಸದ್ದು ಹಾಗೇ ಇರುತ್ತದೆ. ಯಾವ ಭಾಗ ಅಂತ ನಾವು ಹೇಳಬೇಕಾಗಿಲ್ಲ. ಸದ್ದು ಯಾವಾಗ ಬರುತ್ತದೆ ಅಂತ ಹೇಳಿದರೆ ಸಾಕು.

ಕಲಬುರಗಿಯಲ್ಲಿ ಈ ತೊಂದರೆ ಜಾಸ್ತಿ ಆಗುವುದಕ್ಕೆ ನೆಲವೂ ಒಂದು ಕಾರಣ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲಿನ ರಸ್ತೆಯೂ ಅಲೆ ಅಲೆಯಾಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ರಬ್ಬರನ್ನು ಬೇಗ ಮುಪ್ಪಾಗಿಸುತ್ತದೆ. ಧೂಳಂತೂ ಎಲ್ಲ ಸಂದಿಗೂ ನುಗ್ಗುತ್ತದೆ.

ಮೊದಲು ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಸ್ಟೀರಿಂಗನ್ನು ಎರಡೂ ಕಡೆ ನಿಧಾನವಾಗಿ ತಿರುಗಿಸಿ ನೋಡಿ. ನುಣುಪಾದ ಶಹಾಬಾದ್ ಫರ್ಸಿ ಕಲ್ಲು ಹಾಸಿದ ಜಾಗದಲ್ಲಿ ಈ ಪರೀಕ್ಷೆ ಬೇಡ. ಅಲ್ಲಿ ಒಳ್ಳೆಯ ಟೈರು ಕೂಡ ಕೀಚ್ ಅನ್ನುತ್ತದೆ. ಮಣ್ಣಿನ ನೆಲದ ಮೇಲೂ 'ಠಣ್' ಅಂತ ಸ್ಪ್ರಿಂಗ್ ಜಿಗಿದ ಹಾಗೆ ಕೇಳಿದರೆ ಅನುಮಾನ ಸ್ಟ್ರಟ್‌ನ (ಸ್ಪ್ರಿಂಗು, ಶಾಕಪ್ಪು ಸೇರಿದ ಕಂಬ) ತಲೆಯ ಮೇಲೆ. ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಇರುವುದು ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಸ್ಟ್ರಟ್. ಇದರಲ್ಲಿ ಸ್ಪ್ರಿಂಗು, ಶಾಕಪ್ಪು ಎರಡೂ ಚಕ್ರದ ಜೊತೆಗೇ ತಿರುಗುತ್ತವೆ. ಅದಕ್ಕಾಗಿ ಮೇಲ್ತುದಿಯಲ್ಲಿ ಒಂದು ಬೇರಿಂಗ್ ಇರುತ್ತದೆ. ಅದು ಧೂಳು ಕುಡಿದು ಬಿಗಿಯಾದರೆ ಸ್ಪ್ರಿಂಗ್ ತಿರುಗದೆ ತಿರುಚಿಕೊಳ್ಳುತ್ತದೆ, ಬಲ ಮಿತಿ ಮೀರಿದಾಗ ಒಮ್ಮೆಲೇ ಜಾರುತ್ತದೆ. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟುವುದೂ ಹೀಗೇ: ಅಂಟಿಕೊಳ್ಳುವುದು, ಜಾರುವುದು, ಮತ್ತೆ ಅಂಟಿಕೊಳ್ಳುವುದು. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಿದರೆ ಆ ಜಿಗಿತ ಕೈಗೇ ತಿಳಿಯುತ್ತದೆ. ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬೇಡಿ.

ಇನ್ನೊಂದು ಸದ್ದು ನಿಂತ ಗಾಡಿಯಲ್ಲಿ ಬರುವುದೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಎಕ್ಸಲರೇಟರ್ ಒತ್ತಿದಾಗ 'ಟಕ್ ಟಕ್ ಟಕ್' ಅನ್ನುತ್ತದೆ, ವೇಗ ಏರಿದಂತೆ ತಾಳವೂ ಏರುತ್ತದೆ. ಇದು ಸಸ್ಪೆನ್ಷನ್ ಅಲ್ಲ, ಆಕ್ಸಲ್ ತುದಿಯ ಸಿವಿ ಜಾಯಿಂಟ್, ಅಂದರೆ ಬಾಗಿದರೂ ಒಂದೇ ವೇಗದಲ್ಲಿ ಚಕ್ರ ತಿರುಗಿಸುವ ಕೀಲು. ಇದು ನಿಜಕ್ಕೂ ಅದ್ಭುತವಾದ ಯಂತ್ರ. ಹಳೆಯ ಮಾದರಿಯ ಸಾಮಾನ್ಯ ಜಾಯಿಂಟ್ ಕೋನದಲ್ಲಿ ಬಾಗಿದರೆ ಹೊರಗಿನ ತುದಿ ಒಂದು ಸುತ್ತಿನಲ್ಲಿ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಹಾಗಾದರೆ ತಿರುವಿನಲ್ಲಿ ಸ್ಟೀರಿಂಗ್ ನಡುಗುತ್ತದೆ, ಅಲ್ವಾ? ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ 1920ರ ದಶಕದಲ್ಲಿ ಆರು ಉಕ್ಕಿನ ಗೋಲಿಗಳನ್ನಿಟ್ಟು ಈ ತೊಡಕನ್ನು ಬಿಡಿಸಿದರು. ಜಾಯಿಂಟ್ ಎಷ್ಟೇ ಬಾಗಲಿ, ಗೋಲಿಗಳು ಯಾವಾಗಲೂ ಆ ಕೋನದ ಸರಿ ಮಧ್ಯದ ಸಮತಲದಲ್ಲೇ ನಿಲ್ಲುತ್ತವೆ. ಆದ್ದರಿಂದ ಒಳಬಂದ ವೇಗವೇ ಹೊರಗೂ ಸಿಗುತ್ತದೆ.

ನೇರ ಹೋಗುವಾಗ ಈ ಗೋಲಿಗಳು ಹೆಚ್ಚು ಆಡುವುದಿಲ್ಲ. ತಿರುಗಿದಾಗ ಪ್ರತಿ ಸುತ್ತಿಗೂ ತಮ್ಮ ತೋಡಿನಲ್ಲಿ ಹಿಂದೆ ಮುಂದೆ ಓಡುತ್ತವೆ. ತೋಡಿನಲ್ಲಿ ಗುಳಿ ಬಿದ್ದಿದ್ದರೆ ಅದನ್ನು ದಾಟುವಾಗೆಲ್ಲ 'ಟಕ್'. ಗುಳಿ ಬೀಳುವುದು ಸಾಮಾನ್ಯವಾಗಿ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದ ಮೇಲೆ. ಗ್ರೀಸ್ ಹೊರಗೆ ಸಿಡಿಯುತ್ತದೆ, ಧೂಳು ಒಳಗೆ ಹೋಗುತ್ತದೆ, ಗೋಲಿ ಮರಳಿನಲ್ಲಿ ಅರೆದ ಹಾಗೆ ಸವೆಯುತ್ತದೆ. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸ್ ಚಿಮ್ಮಿದ ಕಲೆ ಕಂಡ ದಿನವೇ ಬೂಟ್ ಹಾಕಿಸಿದರೆ ಜಾಯಿಂಟ್ ಉಳಿಯುತ್ತದೆ. ಸದ್ದು ಶುರುವಾದ ಮೇಲೆ ಹೊಸ ಬೂಟ್, ಹೊಸ ಗ್ರೀಸ್ ಹಾಕಿದರೆ ಗುಳಿ ತುಂಬುವುದಿಲ್ಲ.

ರಿಂಗ್ ರೋಡಿನ ಉದ್ದ ತಿರುವಿನಲ್ಲಿ 'ಗುಂಯ್' ಅನ್ನುವ ಸದ್ದು ಏರಿಳಿದರೆ ಅದು ಚಕ್ರ ಸರಾಗವಾಗಿ ತಿರುಗಲು ಇರುವ ವ್ಹೀಲ್ ಬೇರಿಂಗ್. 1000 ಕೆಜಿ ಗಾಡಿ ಗಂಟೆಗೆ 36 ಕಿ.ಮೀ. ವೇಗದಲ್ಲಿ 50 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಸುಮಾರು 80 ಕೆಜಿ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಸರಿಯುತ್ತದೆ. ಭಾರ ಹೆಚ್ಚಾದ ಕಡೆಯ ಬೇರಿಂಗ್ ಜೋರಾಗಿ ಕೂಗುತ್ತದೆ, ಆದ್ದರಿಂದ ಎಡಕ್ಕೆ ತಿರುಗಿದಾಗ ಸದ್ದು ಹೆಚ್ಚಾದರೆ ಮೊದಲು ಬಲಗಡೆ ನೋಡಿಸಿ.

ತಿರುಗುತ್ತಾ ಹಂಪ್ ಏರುವಾಗ ಬರುವ 'ಕರ್ರ್' ಮತ್ತು 'ಧಡ್' ಸದ್ದುಗಳು ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ರಬ್ಬರ್ ಬುಶ್, ಅದನ್ನು ಚಕ್ರಕ್ಕೆ ಜೋಡಿಸುವ ಗುಂಡುಕೀಲಾದ ಬಾಲ್ ಜಾಯಿಂಟ್, ಲಿಂಕ್ ರಾಡ್‌ಗಳಿಂದ ಬರುತ್ತವೆ. ಇವುಗಳಲ್ಲಿ ಬಾಲ್ ಜಾಯಿಂಟ್ ಬಗ್ಗೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಪ್ಲೇ (ಸಡಿಲ) ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಎಡಬಲಕ್ಕೆ ಅಲ್ಲಾಡಿದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು.

ಬುಶ್‌ಗೆ ಎಂಜಿನ್ ಆಯಿಲ್, ಡೀಸೆಲ್ ಹಾಕುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಸದ್ದು ಕೆಲವು ದಿನ ನಿಲ್ಲುತ್ತದೆ ನಿಜ. ಆದರೆ ಆ ಎಣ್ಣೆ ರಬ್ಬರಿನೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. ಪರೀಕ್ಷೆಗೆ ನೀರೇ ಸಾಕು. ಒಂದೊಂದೇ ಬುಶ್ ಮೇಲೆ ನೀರು ಚಿಮುಕಿಸಿ ಗಾಡಿ ಅಲ್ಲಾಡಿಸಿ. ಯಾವುದಕ್ಕೆ ನೀರು ಬಿದ್ದಾಗ ಕಿರುಗುಟ್ಟುವುದು ನಿಂತಿತೋ ಅದೇ ಕೆಟ್ಟಿದ್ದು.

ಹೊಸ ಬುಶ್ ಹಾಕುವಾಗ ಮಿಸ್ತ್ರಿಗೆ ಒಂದು ಮಾತು ಹೇಳಿ: ಕೊನೆಯ ಬಿಗಿತ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾಗಲೇ ಕೊಡಬೇಕು. ಈ ಬುಶ್‌ನಲ್ಲಿ ರಬ್ಬರು ಒಳಗಿನ ಉಕ್ಕಿನ ಕೊಳವೆಗೆ ಅಂಟಿರುತ್ತದೆ, ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಅಷ್ಟೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬೋಲ್ಟ್ ಬಿಗಿದರೆ, ಗಾಡಿ ಇಳಿಸಿದ ಗಳಿಗೆಯಿಂದಲೇ ರಬ್ಬರು ತಿರುಚಿದ ಸ್ಥಿತಿಯಲ್ಲಿರುತ್ತದೆ, ಬೇಗ ಹರಿಯುತ್ತದೆ. ಟೈ ರಾಡ್ ಎಂಡ್ ಬದಲಾಯಿಸಿದ್ದರೆ ಅದೇ ದಿನ ವ್ಹೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ.