ಓಟ ಕಲಿಸುವುದು: ಒಂದು ಪೀರಿಯಡ್‌ಗೆ ಒಂದೇ ಮಾತು

6ರಿಂದ 8ನೇ ತರಗತಿ ಮಕ್ಕಳಿಗೆ ಓಟದ ಕೌಶಲ ಕಲಿಸುವ ಪಾಠ ಶಿಕ್ಷಕರಾಗಲು ಓದುತ್ತಿರುವ ನಮಗೆ ಪರೀಕ್ಷೆಗೂ ಬೇಕು, ಪ್ರಾಕ್ಟೀಸ್ ಟೀಚಿಂಗ್‌ಗೂ (ಶಾಲೆಗೆ ಹೋಗಿ ಪಾಠ ಮಾಡಿ ಕಲಿಯುವುದು) ಬೇಕು. ಹೊರಡುವುದು, ವೇಗ ಏರಿಸುವುದು, ಪೂರ್ಣ ವೇಗ, ಮುಗಿಸುವುದು ಅಂತ ನಾಲ್ಕು ಹಂತ. ಬಾಯಿಪಾಠ ಮಾಡಲು ಹತ್ತು ನಿಮಿಷ ಸಾಕು. ತೊಂದರೆ ಶುರುವಾಗುವುದು ಮೈದಾನಕ್ಕೆ ಇಳಿದ ಮೇಲೆ.

ನನ್ನ ಮೊದಲ ಪಾಠ ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ, 7ನೇ ತರಗತಿಗೆ. ತಲೆ ನೇರ ಇರಲಿ, ಭುಜ ಸಡಿಲ ಬಿಡಿ, ಮೊಣಕೈ ಮಡಚಿ, ಮಂಡಿ ಎತ್ತಿ, ಮುಂಗಾಲು ಊರಿ ಅಂತ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಸೀಟಿ ಊದಿದೆ. ಅಲ್ಲಿಯವರೆಗೆ ಜಿಂಕೆ ಥರ ಓಡುತ್ತಿದ್ದ ಹುಡುಗಿ ಮರದ ಗೊಂಬೆ ಥರ ಓಡಿದಳು. ಪಕ್ಕದಲ್ಲಿದ್ದ ಪಿ.ಟಿ. ಮೇಷ್ಟ್ರು ನಕ್ಕು, "ಒಂದು ಪೀರಿಯಡ್‌ಗೆ ಒಂದೇ ಮಾತು ಹೇಳಿ, ಅದನ್ನೇ ಹತ್ತು ಸಲ ಓಡಿಸಿ" ಅಂದರು. ಈ ಟಿಪ್ಪಣಿಯನ್ನು ಆ ಮಾತು ಹಿಡಿದೇ ಬರೆದಿದ್ದೇನೆ.

ಹಾಗಾದರೆ ಮೊದಲ ಮಾತು ಯಾವುದು? ನನ್ನ ಪ್ರಕಾರ ಕೈ. ಓಟ ಅಂದರೆ ಕಾಲಲ್ವಾ ಅಂತ ಅನಿಸಬಹುದು, ಆದರೆ ಓಡುವಾಗ ಮಗುವಿಗೆ ತನ್ನ ಕಾಲು ಕಾಣುವುದಿಲ್ಲ, ಕೈ ಕಾಣುತ್ತದೆ, ಹಾಗಾಗಿ ತಪ್ಪನ್ನು ತಾನೇ ತಿದ್ದಿಕೊಳ್ಳಬಹುದು. ಮಕ್ಕಳನ್ನು ನೆಲದ ಮೇಲೆ ಕಾಲು ಚಾಚಿ ಕೂರಿಸಿ. ಮೊಣಕೈ ಸುಮಾರು 90 ಡಿಗ್ರಿ ಮಡಚಿ, ಮುಂದೆ ಬಂದಾಗ ಗಲ್ಲದ ಎತ್ತರ, ಹಿಂದೆ ಹೋದಾಗ ಚಡ್ಡಿ ಜೇಬಿನ ಹತ್ತಿರ. "ಜೇಬು, ಗಲ್ಲ, ಜೇಬು, ಗಲ್ಲ" ಅಂತ ಅವರೇ ಕೂಗಲಿ. ಜೋರಾಗಿ ಬೀಸಿದಾಗ ಕೂತಲ್ಲೇ ಮೈ ಪುಟಿಯುತ್ತದೆ, ಮಕ್ಕಳಿಗೆ ನಗುವೋ ನಗು. ಕೈಗೆ ಎಷ್ಟು ಬಲ ಇದೆ ಅನ್ನುವುದು ಅವರಿಗೆ ಅಲ್ಲೇ ಗೊತ್ತಾಗುತ್ತದೆ. ಕೈ ಎದೆಯನ್ನು ದಾಟಿ ಅಡ್ಡ ಹೋದರೆ ಭುಜ, ಸೊಂಟ ಎಲ್ಲ ತಿರುಚಿಕೊಳ್ಳುತ್ತದೆ, ಮುಂದಕ್ಕೆ ಹೋಗಬೇಕಾದ ಶಕ್ತಿ ಪಕ್ಕಕ್ಕೆ ಹೋಗುತ್ತದೆ.

ನಮ್ಮ ಕೊಡಗಿನಲ್ಲಿ ಕೈಯಿಂದ ಶುರು ಮಾಡಲು ಇನ್ನೊಂದು ಕಾರಣವೂ ಇದೆ. ಇಲ್ಲಿ ಎಷ್ಟೋ ಮಕ್ಕಳು ಓಟಕ್ಕಿಂತ ಮೊದಲು ಹಾಕಿ ಸ್ಟಿಕ್ ಹಿಡಿದಿರುತ್ತಾರೆ. ನಾನು ನೋಡಿದ ಹಾಕಿ ಹುಡುಗರು ಬರಿಗೈಯಲ್ಲಿ ಓಡುವಾಗಲೂ ಸೊಂಟ ಬಗ್ಗಿಸಿ, ಎರಡೂ ಕೈ ಮುಂದೆ ಹಿಡಿದುಕೊಂಡೇ ಓಡುತ್ತಿದ್ದರು. ಆಟದಲ್ಲಿ ಅದು ಸರಿ. 100 ಮೀಟರ್‌ಗೆ ಆಗಲ್ಲ.

ಎರಡನೇ ಮಾತು ಪಾದ. ವೇಗದ ಓಟದಲ್ಲಿ ಮುಂಗಾಲು ಊರಬೇಕು, ಅದೂ ಸೊಂಟದಿಂದ ತುಂಬಾ ಮುಂದೆ ಹೋಗದ ಹಾಗೆ. ಕಾಲನ್ನು ದೂರ ಚಾಚಿ ಹಿಮ್ಮಡಿ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದ ಹಾಗೆ. "ದೊಡ್ಡ ಹೆಜ್ಜೆ ಹಾಕು" ಅಂತ ಮಕ್ಕಳಿಗೆ ಹೇಳಲೇಬೇಡಿ, ಅವರು ಮಾಡುವುದು ಇದನ್ನೇ. ಬಾಯಿ ಮಾತಿಗಿಂತ ಸುಲಭದ ದಾರಿ ನಮ್ಮಲ್ಲಿದೆ: ಏರು. ಸ್ವಲ್ಪವೇ ಏರು ಇರುವ ಕಡೆ 20 ಮೀಟರ್ ಓಡಿಸಿ. ಮಂಡಿ ತಾನಾಗಿ ಎದ್ದೇಳುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಹಿಮ್ಮಡಿ ಊರಲು ಆಗುವುದೇ ಇಲ್ಲ. ಇಳಿಜಾರಿನಲ್ಲಿ ಮಾತ್ರ ಓಡಿಸಬೇಡಿ, ಅಲ್ಲಿ ಬೀಳುವ ಭಯಕ್ಕೆ ಹಿಮ್ಮಡಿಯೇ ಮೊದಲು ಊರುತ್ತದೆ. ಓಡಿದವರು ನಡೆದುಕೊಂಡೇ ವಾಪಸ್ ಬರಲಿ. ದಣಿದ ಮಗು ಕೆಟ್ಟ ಓಟವನ್ನೇ ಅಭ್ಯಾಸ ಮಾಡುತ್ತದೆ.

ಹೊರಡುವುದು ಮೂರನೆಯದು. 400 ಮೀಟರ್‌ವರೆಗಿನ ಓಟಕ್ಕೆ ಕ್ರೌಚ್ ಸ್ಟಾರ್ಟ್ (ಕೈ ನೆಲಕ್ಕೂರಿ, ಬಗ್ಗಿ ಕೂತು ಹೊರಡುವುದು), 'ಆನ್ ಯುವರ್ ಮಾರ್ಕ್ಸ್', 'ಸೆಟ್', ಆಮೇಲೆ ಗನ್. 800 ಮತ್ತು ಮೇಲಿನದಕ್ಕೆ ನಿಂತೇ ಹೊರಡುವುದು, ಅಲ್ಲಿ 'ಸೆಟ್' ಇಲ್ಲ. ಇದು ಪರೀಕ್ಷೆಗೆ. ಆದರೆ 6ನೇ ತರಗತಿಗೆ ನೇರವಾಗಿ ಕ್ರೌಚ್ ಕಲಿಸಲು ಹೋದರೆ, ಮಕ್ಕಳು ಗನ್ ಕೇಳಿದ ತಕ್ಷಣ ಎದ್ದು ನಿಂತು ಆಮೇಲೆ ಓಡುತ್ತಾರೆ. ಕೂತಿದ್ದು ದಂಡ. ಮೊದಲು ವಾಲಿ ಹೊರಡುವುದನ್ನು ಕಲಿಸಿ: ಎರಡೂ ಕಾಲು ಜೋಡಿಸಿ ನಿಂತು, ಇನ್ನೇನು ಬಿದ್ದೆ ಅನ್ನುವವರೆಗೆ ಮುಂದಕ್ಕೆ ವಾಲಿ ಓಡುವುದು. ಆಗ ಯಾವ ಕಾಲು ಮೊದಲು ಮುಂದೆ ಬಂತು ನೋಡಿಕೊಳ್ಳಿ, ಸಾಮಾನ್ಯವಾಗಿ ಕ್ರೌಚ್‌ನಲ್ಲಿ ಆ ಕಾಲನ್ನು ಹಿಂದೆ ಇಡಿಸಬೇಕು. ಗೆರೆಯಿಂದ ಮಗುವಿನ ಎರಡು ಪಾದದಷ್ಟು ಬಿಟ್ಟು ಮುಂದಿನ ಕಾಲು, ಅಲ್ಲಿಂದ ಇನ್ನೂ ಒಂದು ಪಾದದಷ್ಟು ಬಿಟ್ಟು ಹಿಂದಿನದು. 'ಸೆಟ್' ಅಂದಾಗ ಸೊಂಟ ಭುಜಕ್ಕಿಂತ ಸ್ವಲ್ಪ ಮೇಲೆ.

ಮುಗಿಸುವುದಕ್ಕೆ ಒಂದು ಕಥೆ ಸಾಕು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ. ಗೆರೆ ಮುಟ್ಟಿದ ಲೆಕ್ಕ ಎದೆ, ಹೊಟ್ಟೆ ಇರುವ ಮುಂಡದಿಂದ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಮಕ್ಕಳು ಮಾತ್ರ ಗೆರೆ ಬರುವ ಮೊದಲೇ ನಿಧಾನ ಮಾಡಿ ಪಕ್ಕದವರನ್ನು ನೋಡುತ್ತಾರೆ. ಗೆರೆಯಿಂದ 5 ಮೀಟರ್ ಆಚೆ ಇನ್ನೊಂದು ಸುಣ್ಣದ ಗೆರೆ ಹಾಕಿ, ಅಲ್ಲಿಯವರೆಗೂ ಓಡಲು ಹೇಳಿ.

ರಿಲೇ ಕೊನೆಗಿರಲಿ. ನಮ್ಮ ಗೋಣಿಕೊಪ್ಪದ ಎಂ.ಆರ್. ಪೂವಮ್ಮ 2014 ಮತ್ತು 2018ರ ಏಷ್ಯನ್ ಗೇಮ್ಸ್‌ನಲ್ಲಿ 4x400 ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು ಅಂತ ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಓಟಗಾರರು ಕೈಯಿಂದ ಕೈಗೆ ಕೊಡುವ ಕೋಲು, ಅಂದರೆ ಬೇಟನ್, 28ರಿಂದ 30 ಸೆಂ.ಮೀ. ಉದ್ದ ಇರಬೇಕು, ಅಭ್ಯಾಸಕ್ಕೆ ಅದೇ ಅಳತೆಯ ಪೈಪ್ ತುಂಡು ಸಾಕು.

ಇನ್ನೊಂದು ವಿಷಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತದೆ, ಆದರೆ ಮುಖ್ಯ. ಈ ವಯಸ್ಸಿನಲ್ಲಿ ಮಕ್ಕಳು ಸರಸರ ಬೆಳೆಯುತ್ತಾರೆ, ಹುಡುಗಿಯರು ಸಾಮಾನ್ಯವಾಗಿ ಮೊದಲು, ಹುಡುಗರು ಆಮೇಲೆ. ಕಾಲು ಉದ್ದವಾಗಿ ಕೆಲವು ತಿಂಗಳು ಓಟವೇ ಎಡವಟ್ಟಾಗುತ್ತದೆ. ಹೋದ ವರ್ಷ ಮೊದಲು ಬಂದವನು ಈ ವರ್ಷ ಹಿಂದೆ ಬಿದ್ದರೆ ಸೋಮಾರಿ ಅನ್ನಬೇಡಿ. ಮಂಡಿಯ ಕೆಳಗೆ ನೋವು ಅಂದರೆ ಓಟ ನಿಲ್ಲಿಸಿ, ಮನೆಯವರಿಗೆ ತಿಳಿಸಿ. ಅಂಕ ಕೊಡುವಾಗಲೂ ಅದೇ ಮಗುವಿನ ಹಿಂದಿನ ಸಮಯದ ಜೊತೆ ಹೋಲಿಸುವುದು ವಾಸಿ.

ಇನ್ನು ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮೈದಾನ ಕೆಸರುಗದ್ದೆ, ಜಾರಿದರೆ ಕಣಕಾಲು ಹೋಗುತ್ತದೆ. ಆಗ ಶಾಲೆಯ ಜಗಲಿಯಲ್ಲಿ ಕೈ ಬೀಸುವುದು, ನಿಂತಲ್ಲೇ ಮಂಡಿ ಎತ್ತುವುದು, ಕುಂಟೆಬಿಲ್ಲೆ. ಒಂಟಿ ಕಾಲಿನ ಹಿಡಿತಕ್ಕೆ ಕುಂಟೆಬಿಲ್ಲೆಗಿಂತ ಒಳ್ಳೆಯ ಡ್ರಿಲ್ ನನಗೆ ಸಿಕ್ಕಿಲ್ಲ. ಮಳೆ ಬಿಟ್ಟ ಅರ್ಧ ಗಂಟೆಯಲ್ಲಿ ಹುಲ್ಲಿನ ಮೇಲೆ ಓಡಿಸಿದರೆ, ಒಳಗೆ ಕಳಿಸುವ ಮೊದಲು ಎಲ್ಲರ ಕಾಲ್ಬೆರಳ ಸಂದಿ ನೋಡಿ. ಜಿಗಣೆ ಇದ್ದೇ ಇರುತ್ತದೆ.