ಪಿಯಾನೋ ಹ್ಯಾಮರ್ ವಾಯ್ಸಿಂಗ್: ಸೂಜಿ ಹಿಡಿಯೋ ಮೊದ್ಲು ತಿಳ್ಕೊಳ್ಬೇಕಾದ್ದು

ಕಲಿಯೋಕೆ ಶುರು ಮಾಡಿದವರಿಗೆ ಮೊದಲನೇ ಮಾತು, ವಾಯ್ಸಿಂಗ್ ಅಂದ್ರೆ ತಂತಿಗೆ ಬಡಿಯೋ ಹ್ಯಾಮರಿನ ಫೆಲ್ಟನ್ನ ತಿದ್ದಿ ಸ್ವರದ ಗುಣ ಸರಿ ಮಾಡೋದು, ಬರೀ ಪಿಯಾನೋನ ಮೆತ್ತಗೆ ಮಾಡೋದು ಅಂತ ಅಂದ್ಕೋಬೇಡಿ. ಒಂದೇ ಕೀಯನ್ನ ಮೆಲ್ಲಗೆ ಒತ್ತಿದಾಗ ದುಂಡಗಿನ ಸ್ವರ, ಜೋರಾಗಿ ಹೊಡೆದಾಗ ಹೊಳೆಯೋ ಸ್ವರ ಬರ್ಬೇಕು, ಆ ವ್ಯತ್ಯಾಸ ಎಷ್ಟು ದೊಡ್ಡದಿರ್ತದೋ ಅಷ್ಟು ಒಳ್ಳೆ ಹ್ಯಾಮರ್.

ಹ್ಯಾಮರ್ ಒಳಗೆ ಮರ, ಅದರ ಸುತ್ತ ಉಣ್ಣೆ ಫೆಲ್ಟನ್ನ ಭಾರೀ ಒತ್ತಡದಲ್ಲಿ ಬಗ್ಗಿಸಿ ಅಂಟಿಸಿರ್ತಾರೆ, ಹಾಗಾಗಿ ಫೆಲ್ಟಿನ ಹೊರಪದರ ಎಳ್ಕೊಂಡು ನಿಂತಿರ್ತದೆ, ಒಳಪದರ ಒತ್ತಿಕೊಂಡಿರ್ತದೆ. ಪಿಯಾನೋ ಕಂಡುಹಿಡಿದ ಕ್ರಿಸ್ಟೋಫೊರಿ ಕಾಲದಲ್ಲಿ ಫೆಲ್ಟಿನ ಬದಲು ತೊಗಲು ಇತ್ತು, ಫೆಲ್ಟ್ ಹ್ಯಾಮರ್‌ಗೆ ಪೇಟೆಂಟ್ ತಗೊಂಡಿದ್ದು ಪ್ಯಾರಿಸ್ಸಿನ ಪಾಪ್, 1826ರಲ್ಲಿ. ನಡುವಿನ ಸ್ವರಗಳಲ್ಲಿ ಹ್ಯಾಮರ್ ತಂತಿಗೆ ತಾಗಿರೋದು ಬರೀ 2 ಮಿಲಿಸೆಕೆಂಡ್ ಆಸುಪಾಸು. ಗಟ್ಟಿ ಫೆಲ್ಟ್ ಬೇಗ ಪುಟಿದು ಬಿಡ್ತದೆ, ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಜೊತೆ ಬರೋ ಎತ್ತರದ ಸ್ವರಗಳು) ಎಲ್ಲ ಉಳ್ಕೊಂಡು ಕಿವಿಗೆ ಚುಚ್ತದೆ, ಮೆತ್ತಗಿನ ಫೆಲ್ಟ್ ಸ್ವಲ್ಪ ಹೆಚ್ಚು ಹೊತ್ತು ತಂತಿ ಮೇಲೇ ಇದ್ದು ಅವನ್ನ ನುಂಗಿ ಹಾಕ್ತದೆ.

ಈಗ ನಮ್ಮ ಕೊಡಗಿನ ವಿಷಯ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳಲ್ಲಿ) ದಯವಿಟ್ಟು ಸೂಜಿ ಮುಟ್ಬೇಡಿ. ಆ ಮಳೆಯಲ್ಲಿ ಉಣ್ಣೆ ತೇವ ಕುಡಿದು ಉಬ್ಬಿರ್ತದೆ, ಸ್ವರ ಮಂಕಾಗ್ತದೆ, ಅದನ್ನ ಕೇಳಿ ಯಾರಾದ್ರೂ ಗಟ್ಟಿ ಮಾಡೋಕೆ ಲ್ಯಾಕರ್ ಹಾಕಿದ್ರೆ ಸುಗ್ಗಿ ಹಬ್ಬ ಪುತ್ತರಿ ಕಳೆದು ಒಣಗಾಳಿ ಬಂದಾಗ ಅದೇ ಪಿಯಾನೋ ತಗಡು ಬಡಿದ ಹಾಗೆ ಕೇಳ್ತದೆ. ಮೊದ್ಲು ಕೋಣೆ ಸರಿ ಮಾಡಿ, ಹ್ಯುಮಿಡಿಟಿ 40ರಿಂದ 50 ಪರ್ಸೆಂಟ್ ಹತ್ರ ಇದ್ರೆ ಚೆಂದ, ಡಿಹ್ಯುಮಿಡಿಫೈಯರ್ ಇಟ್ಟು ಕೆಲವು ವಾರ ಬಿಟ್ಟು ಆಮೇಲೆ ಕೇಳಿ. ಹಳೇ ಎಸ್ಟೇಟ್ ಬಂಗಲೆಗಳ ಪಿಯಾನೋ ಆದ್ರೆ ನುಸಿ ಫೆಲ್ಟ್ ತಿಂದಿದ್ಯಾ ಅಂತ ಟಾರ್ಚ್ ಹಾಕಿ ನೋಡ್ಲೇಬೇಕು, ತಿಂದಿದ್ರೆ ಅದು ವಾಯ್ಸಿಂಗ್ ಕೆಲಸ ಅಲ್ಲ, ಹ್ಯಾಮರನ್ನೇ ಬದಲಾಯಿಸ್ಬೇಕು.

ಸೂಜಿಗಿಂತ ಮೊದ್ಲು ಟ್ಯೂನಿಂಗ್, ರೆಗ್ಯುಲೇಶನ್ (ಕೀ-ಹ್ಯಾಮರ್‌ಗಳ ಚಲನೆ ಸರಿಹೊಂದಿಸೋದು) ಮುಗಿದಿರ್ಬೇಕು, ಅದನ್ನ ಬಿಟ್ಟು ಟೋನ್ ಬಗ್ಗೆ ತೀರ್ಮಾನ ಮಾಡೋಕಾಗಲ್ಲ. ಗ್ರ್ಯಾಂಡ್‌ನಲ್ಲಿ (ತಂತಿಗಳು ಅಡ್ಡಕ್ಕೆ ಮಲಗಿರೋ ಪಿಯಾನೋ) ಆಕ್ಷನ್, ಅಂದ್ರೆ ಕೀ-ಹ್ಯಾಮರ್‌ಗಳ ಜೋಡಣೆಯನ್ನ, ಹೊರಗೆ ಎಳೆಯುವಾಗ ಯಾವ ಕೀಯೂ ಒತ್ತಿಹೋಗ್ಬಾರ್ದು, ಎದ್ದ ಹ್ಯಾಮರ್ ಸಿಕ್ಕಿ ಮುರೀತದೆ. ಆಮೇಲೆ ಹ್ಯಾಮರ್ ತುದಿ ನೋಡಿ, ಹೆಚ್ಚಿನ ಸ್ವರಗಳಿಗೆ ಮೂರು ತಂತಿ ಇರೋದ್ರಿಂದ ಅವು ಕೊರೆದ ಮೂರು ಗೆರೆ ಕಾಣ್ತದೆ. ಗೆರೆ ಉದ್ದ, ಆಳ ಆಗಿ ತುದಿ ಚಪ್ಪಟೆ ಆಗಿದ್ರೆ ಮರದ ಪಟ್ಟಿಗೆ ಅಂಟಿಸಿದ ಸ್ಯಾಂಡ್‌ಪೇಪರಿಂದ ಹೆಗಲಿನಿಂದ (ತುದಿಯ ಎರಡೂ ಪಕ್ಕದ ಇಳಿಜಾರು) ತುದಿಯ ಕಡೆಗೆ ತೆಳ್ಳಗೆ ಪದರ ತೆಗೀಬೇಕು, ಮೊದ್ಲು ಒರಟು, ಕೊನೆಗೆ ನಯ, ಮೊಟ್ಟೆಯ ಆಕಾರ ಉಳೀಬೇಕು. ಮೇಲಿನ ಸ್ವರಗಳಲ್ಲಿ ಫೆಲ್ಟ್ ತೀರಾ ತೆಳು, ಅಲ್ಲಿ ಹೆಚ್ಚು ತೆಗೀಬೇಡಿ.

ಇನ್ನೊಂದು ಪರೀಕ್ಷೆ ಉಂಟು, ಇದನ್ನ ಹೆಚ್ಚಿನವರು ಹಾರಿಸ್ತಾರೆ, ನನಗೆ ಮಾತ್ರ ಇದೇ ಅರ್ಧ ಕೆಲಸ ಅನ್ಸೋದು. ತಂತಿಯ ಸದ್ದು ತಡೆಯೋ ಡ್ಯಾಂಪರ್ ಎತ್ತಿಟ್ಟು, ಹ್ಯಾಮರನ್ನ ಮೆಲ್ಲಗೆ ತಂತಿಗೆ ಒತ್ತಿ ಹಿಡಿದು ಮೂರು ತಂತಿಗಳನ್ನೂ ಒಂದೊಂದಾಗಿ ಉಗುರಲ್ಲಿ ಮೀಟಿ. ಮೂರೂ ಟಕ್ ಅಂತ ಸತ್ತ ಸದ್ದು ಕೊಟ್ರೆ ಸರಿ. ಪಾಲಿಬೆಟ್ಟದ ಕಡೆ ನೋಡಿದ ಒಂದು ಅಪ್‌ರೈಟ್‌ನಲ್ಲಿ (ತಂತಿಗಳು ನೆಟ್ಟಗೆ ನಿಂತಿರೋ ಪಿಯಾನೋ) ನಡುವಿನ ಒಂದು ಸ್ವರ ಮಾತ್ರ ಕರ್ಕಶ, ಮೀಟಿದ್ರೆ ಎಡಗಡೆ ತಂತಿ ಹಾಡ್ತಾ ಇತ್ತು, ಅಂದ್ರೆ ಹ್ಯಾಮರ್ ಅದಕ್ಕೆ ತಾಗ್ತಾನೇ ಇಲ್ಲ. ತುದಿಯನ್ನ ಕೂದಲೆಳೆಯಷ್ಟು ಮಟ್ಟ ಮಾಡಿದ್ಮೇಲೆ ಸ್ವರ ತುಂಬ್ಕೊಂತು, ಸೂಜಿಯೇ ಬೇಕಾಗ್ಲಿಲ್ಲ.

ಇಷ್ಟಾದ ಮೇಲೂ ಚುಚ್ಚೋ ಸ್ವರ ಉಳಿದ್ರೆ ಸೂಜಿ. ಹ್ಯಾಮರ್ ತುದಿಯನ್ನ ಗಡಿಯಾರದ 12 ಅಂದ್ಕೊಳ್ಳಿ, 10 ಮತ್ತು 2ರ ಕೆಳಗಿನ ಹೆಗಲುಗಳಲ್ಲಿ ಒಳಗಿನ ಮರದ ಕಡೆಗೆ ಗುರಿಯಿಟ್ಟು ಆಳಕ್ಕೆ ಚುಚ್ಬೇಕು. ಅಲ್ಲಿ ಫೆಲ್ಟಿನ ಬಿಗಿ ಸಡಿಲ ಆದ್ರೆ ತುದಿಗೆ ಸ್ಪ್ರಿಂಗ್ ಬರ್ತದೆ. ತುದಿಗೇ ನೇರ ಆಳಕ್ಕೆ ಚುಚ್ಚಿದ್ರೆ ಸ್ವರ ಸತ್ತೇ ಹೋಗ್ತದೆ, ಚುಚ್ಚಿದ್ದನ್ನ ಹಿಂದೆ ತರೋಕಾಗಲ್ಲ. ಅಪ್‌ರೈಟ್‌ನಲ್ಲಿ ಹ್ಯಾಮರನ್ನ ಹಿಂದಿನಿಂದ ಆನಿಸಿ ಹಿಡಿದೇ ಚುಚ್ಚಿ, ಇಲ್ಲಾಂದ್ರೆ ಹ್ಯಾಮರ್ ಹಿಡಿದಿರೋ ಮರದ ಕಡ್ಡಿ ಮುರಿದೀತು. ಎರಡ್ಮೂರು ಸಲ ಚುಚ್ಚಿ, ಜೋರಾಗಿ ಕೆಲವು ಸಲ ಬಾರಿಸಿ, ಪಕ್ಕದ ಸ್ವರದ ಜೊತೆ ಹೋಲಿಸಿ. ತೀರಾ ಎದ್ದು ಕೇಳೋ ಸ್ವರಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೊಂಡು ಅವನ್ನಷ್ಟೇ ಇಳಿಸಿ.

ಎಲ್ಲ ಹ್ಯಾಮರ್‌ಗೂ ಒಂದೇ ದಾರಿ ಅಲ್ಲ. ನ್ಯೂಯಾರ್ಕ್ ಸ್ಟೈನ್ವೇ ಹ್ಯಾಮರ್ ಮೆತ್ತಗೇ ಬರ್ತದೆ, ಅದನ್ನ ತೆಳು ಲ್ಯಾಕರ್ ಹಾಕಿ ಗಟ್ಟಿ ಮಾಡ್ತಾರೆ, ಹ್ಯಾಂಬರ್ಗಿನದ್ದು ಗಟ್ಟಿ, ಸೂಜಿಯಿಂದ ಇಳಿಸ್ತಾರೆ. ಗ್ರ್ಯಾಂಡ್‌ನ ಎಡ ಪೆಡಲ್ ಒತ್ತಿದಾಗ ಹ್ಯಾಮರ್ ಪಕ್ಕಕ್ಕೆ ಸರಿದು ಗೆರೆಗಳ ನಡುವಿನ ಫೆಲ್ಟ್ ತಂತಿಗೆ ತಾಗ್ತದೆ, ಆ ಜಾಗಕ್ಕೆ ಬೇರೆಯಾಗಿ, ಒಂದೆರಡು ಮಿಲಿಮೀಟರ್ ಮೀರದ ಹಾಗೆ ಚುಚ್ಚಿ, ಪೆಡಲ್ ಒತ್ಕೊಂಡೇ ಕೇಳಿ ನೋಡಿ.